ಹವಳದ ತೊಟ್ಟಿಗೆ ಸಿಹಿನೀರು

ಪುಂತಾ ಸೋರ್ದಾ, ೧೧ ಜೂನ್ ೨೦೦೬

ನೆರೇಯ್ದಾ ಅಕ್ಕಾ,

ನಿನ್ನನ್ನು ಎಳೆದೊಯ್ದ ಪೊಲೀಸ್ ದೋಣಿಯ ಗೆರೆ ಕೊಲ್ಲಿಯಲ್ಲಿ ಎಂದೋ ಅಳಿಸಿತು. ಹೂಳೆತ್ತುವ ಹಡಗು ಮಾತ್ರ ಮತ್ತೆ ಬಂದು ನಿಂತಿದೆ. ಪ್ರವಾಸಿ ಹಡಗುಗಳಿಗೆ ದಾರಿ ಬೇಕಂತೆ, ನಮ್ಮ ಹವಳದ ದಿಬ್ಬ ಅಡ್ಡವಂತೆ. ಸಾವಿರಾರು ವರ್ಷದಿಂದ ಅಲ್ಲೇ ಇರುವುದು ಅಡ್ಡ, ನಿನ್ನೆ ಬಂದವನದು ದಾರಿ. ಇರಲಿ, ಇದನ್ನು ನಿನಗೇನು ಹೇಳುವುದು, ಇದನ್ನೇ ಕೂಗಿದ್ದಕ್ಕಲ್ಲವೇ ನೀನು ಅಲ್ಲಿರುವುದು.

ಒಡೆದ ದಿಬ್ಬದಿಂದ ಆರಿಸಿ ತಂದ ಒಂಬತ್ತು ತುಂಡು ಕೊಂಬುಹವಳ ಮೀನುಗಾರರ ಸಂಘದ ಶೆಡ್ಡಿನ ತೊಟ್ಟಿಯಲ್ಲಿ ಕ್ಷೇಮ. ಆ ದಿಬ್ಬದ್ದೆಂದು ಜೀವಂತ ಉಳಿದಿರುವುದು ಅಷ್ಟೇ. ಚಳಿಗಾಲದ ತಂಪು ನೀರು ಬರುವವರೆಗೆ ಅವನ್ನು ಬದುಕಿಸು, ಮತ್ತೆ ಸಮುದ್ರದಲ್ಲಿ ನೆಡೋಣ ಎಂದಿದ್ದೆ. ಬದುಕಿಸುತ್ತಿದ್ದೇನೆ. ಆದರೆ ತೊಟ್ಟಿ ನೀರು ಕುಡಿಯುತ್ತದೆ, ಅಕ್ಕಾ. ಬೆಳಿಗ್ಗೆ ತುಂಬಿಸಿದರೆ ಸಂಜೆಗೆ ಬೆರಳಷ್ಟು ಇಳಿದಿರುತ್ತದೆ. ನಾನು ಆಕ್ಟೋಪಸ್ ಹಿಡಿಯುವವನು, ದಾದಿಯಲ್ಲ. ಡೋನ್ಯಾ ತೊಮಾಸಾ ದಿನಾ ಬಾಗಿಲಲ್ಲಿ ನಿಂತು ಹಂಗಿಸುತ್ತಾರೆ: "ಏನೋ ಎಲಿಯೂತ್, ಸಮುದ್ರಕ್ಕೇ ಬಾಟ್ಲಿಲಿ ಹಾಲು ಕುಡಿಸ್ತಿದೀಯಾ?" ಎಪ್ಪತ್ತು ದಾಟಿದ ಅಜ್ಜಿ, ಏನಂತ ಬೈಯಲಿ.

ಈಗ ಕೇಳಬೇಕಾದ್ದು. ನ್ಯೂಯಾರ್ಕಿನಲ್ಲಿರುವ ನಮ್ಮೂರವರು ತೊಟ್ಟಿಗೆ ತಾನೇ ನೀರು ತುಂಬಿಕೊಳ್ಳುವ ಯಂತ್ರ ಕೊಡಿಸುತ್ತಾರಂತೆ. ಅವರಿಗೂ ಇದರ ತಲೆಬುಡ ಗೊತ್ತಿಲ್ಲ, "ನೀವೇ ಆರಿಸಿ" ಎಂದು ಬಣ್ಣದ ಪುಸ್ತಕ ಕಳಿಸಿದ್ದಾರೆ. ಎಲ್ಲಾ ಇಂಗ್ಲಿಷು. ಚಿತ್ರ ನೋಡಿ ನನಗೆ ತಿಳಿದದ್ದು ಇಷ್ಟು: ಒಂದರಲ್ಲಿ ದೊಡ್ಡ ಪೀಪಾಯಿ, ಒಂದು ಫ್ಲೋಟು; ನೀರು ಇಳಿದರೆ ಫ್ಲೋಟು ಇಳಿದು ಪಂಪು ಓಡುತ್ತದೆ. ಇನ್ನೊಂದರಲ್ಲಿ ಚಿಕ್ಕ ಡಬ್ಬ, ಒಂದರ ಮೇಲೊಂದು ಎರಡು ಫ್ಲೋಟು. ಮೂರನೆಯದಕ್ಕೆ ಕರೆಂಟೇ ಬೇಡ, ಕಕ್ಕಸಿನ ತೊಟ್ಟಿಯ ಚೆಂಡಿನ ಹಾಗೆ. ಜೊತೆಗೆ ಹವಳಕ್ಕೆ ಊಟ ಹಾಕುವ ಪಂಪು, ಎರಡು ಕೊಳವೆ, ಒಂದು ಗಡಿಯಾರ. ಇದರಲ್ಲಿ ಯಾವುದು? ನನ್ನ ಮನಸ್ಸು ದೊಡ್ಡ ಪೀಪಾಯಿಯ ಮೇಲಿದೆ. ತುಂಬಿಸಿ ಮರೆತು ದೋಣಿ ಹತ್ತಬಹುದು.

ಉಪ್ಪು ಅಳೆಯುವ ನಿನ್ನ ಗಾಜು ಹುಡುಕಿದೆ. ನಿನ್ನ ಜೇಬಿನಲ್ಲೇ ಹೋಗಿರಬೇಕು. ನಾಲಗೆಯಲ್ಲಿ ನೋಡುತ್ತಿದ್ದೇನೆ.

ನಿನ್ನ ತಮ್ಮ,
ಎಲಿಯೂತ್


ಹೆಂಗಸರ ಜೈಲು, ೨೦ ಜೂನ್ ೨೦೦೬

ಎಲಿಯೂತ್,

ಮೊದಲು ಈ ಪತ್ರ ಒಡೆದು ಓದುತ್ತಿರುವ ಅಧಿಕಾರಿಗೆ: ಓದಿ ಸ್ವಾಮಿ, ಹವಳದ ಬಗ್ಗೆ ನಾಲ್ಕು ಮಾತು ನಿಮಗೂ ತಿಳಿಯಲಿ. ಫೋನು ಕಿತ್ತುಕೊಂಡಿರಿ, ಭೇಟಿ ನಿಲ್ಲಿಸಿದಿರಿ. ಘೋಷಣೆ ಕೂಗಿದ ಗಂಟಲು ಇನ್ನೂ ನನ್ನ ಹತ್ತಿರವೇ ಇದೆ.

ಈಗ ನಿನಗೆ. ಮೊದಲ ಮಾತನ್ನು ಶೆಡ್ಡಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡು. ಇಳಿದ ನೀರಿಗೆ ಸಿಹಿನೀರನ್ನೇ ಸೇರಿಸಬೇಕು, ಸಮುದ್ರದ ನೀರನ್ನಲ್ಲ. ಬಿಸಿಲು ನೀರನ್ನು ಮಾತ್ರ ಎತ್ತಿಕೊಂಡು ಹೋಗುತ್ತದೆ, ಉಪ್ಪನ್ನು ನಮ್ಮ ಪಾಲಿಗೆ ಬಿಟ್ಟು ಹೋಗುತ್ತದೆ. ಅದರ ಮೇಲೆ ಮತ್ತೆ ಉಪ್ಪುನೀರು ಸುರಿದರೆ ತೊಟ್ಟಿ ದಿನದಿನಕ್ಕೆ ಉಪ್ಪಿನಕಾಯಿ ಭರಣಿಯಾಗುತ್ತದೆ. ನಲ್ಲಿ ನೀರು ಬೇಡ, ಅದರಲ್ಲಿ ಔಷಧ ಇರುತ್ತದೆ. ಶೋಧಿಸಿದ ನೀರು ಮಾತ್ರ.

ಯಂತ್ರದ ವಿಷಯ. ದೊಡ್ಡ ಪೀಪಾಯಿ ಬೇಡ. ಫ್ಲೋಟು ಎಂದಾದರೂ ಒಂದು ದಿನ ಅಂಟಿಕೊಳ್ಳುತ್ತದೆ, ಎಲ್ಲಾ ಫ್ಲೋಟೂ ಅಂಟಿಕೊಳ್ಳುತ್ತದೆ. ಆಗ ಪೀಪಾಯಿಯೆಲ್ಲಾ ತೊಟ್ಟಿಗೆ ಸುರಿಯುತ್ತದೆ. ಡಬ್ಬದಲ್ಲಿ ಎಷ್ಟು ನೀರಿರಬೇಕು ಎಂದರೆ, ಇಡೀ ಡಬ್ಬ ಸುರಿದರೂ ಹವಳ ಕ್ಷಮಿಸಬೇಕು, ಅಷ್ಟು. ಆದ್ದರಿಂದ ಚಿಕ್ಕ ಡಬ್ಬ, ಎರಡು ಫ್ಲೋಟು. ಒಬ್ಬನೇ ಕಾವಲುಗಾರನನ್ನು ನಂಬಿ ನಾವು ಎಷ್ಟು ಸಲ ಕೆಟ್ಟಿಲ್ಲ? ಕೆಳಗಿನದು ಕೈಕೊಟ್ಟರೆ ಮೇಲಿನದು ಪಂಪನ್ನು ನಿಲ್ಲಿಸುತ್ತದೆ. ಕರೆಂಟು ಹೋದರೆ ಅದೇ ಡಬ್ಬದಿಂದ ಕೈಯಲ್ಲಿ ಹಾಕು. ಕರೆಂಟಿಲ್ಲದ ಚೆಂಡು ಕೇಳಲು ಚಂದ, ಆದರೆ ಸ್ವಲ್ಪ ಉಪ್ಪು ಕಟ್ಟಿದರೂ ಸೋರುತ್ತದೆ, ಸೋರಿದ್ದು ಯಾರಿಗೂ ಕಾಣುವುದಿಲ್ಲ.

ಊಟದ ಪಂಪು ತರಿಸು. ಒಂದು ಕೊಳವೆಯಲ್ಲಿ ಸುಣ್ಣದ ದ್ರಾವಣ, ಇನ್ನೊಂದರಲ್ಲಿ ಸೋಡಾ. ಎರಡೂ ಒಟ್ಟಿಗೆ ಬೀಳಬಾರದು, ಬಿದ್ದರೆ ಒಡೆದ ಹಾಲು. ಟೈಮರನ್ನು ಬೇರೆ ಬೇರೆ ಹೊತ್ತಿಗೆ ಇಡು. ಹನಿಹನಿಯಾಗಿ, ದಿನವೂ ಒಂದೇ ಅಳತೆ. ಹಸಿದಿದೆ ಎಂದು ಒಂದೇ ಸಲ ಸುರಿದರೆ ಸಾಯುತ್ತದೆ. ಇದನ್ನು ಹೇಳುತ್ತಿರುವವಳು ನಾನು, ಎಲ್ಲವೂ ಇವತ್ತೇ ಆಗಬೇಕು ಎಂದು ಕುಣಿಯುವವಳು. ನಗು, ಪರವಾಗಿಲ್ಲ.

ಇಲ್ಲಿ ಬೆಳಕಿಗೆ ಹಗಲು ಇರುಳು ಇಲ್ಲ. ಕಣ್ಣು ಮುಚ್ಚಿದರೆ ನಾನೇ ತೊಟ್ಟಿಯೊಳಗಿರುತ್ತೇನೆ. ಕಾವಲಿನ ಹೆಂಗಸರು ಗಾಜಿನಾಚೆ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಾರೆ, ದನಿ ಮಾತ್ರ ಬರುವುದಿಲ್ಲ. ನನ್ನ ನೀರು ಮೆಲ್ಲಗೆ ಇಳಿಯುತ್ತಿರುತ್ತದೆ. ಆಗ ಮೇಲಿನಿಂದ ಯಾರೋ ಒಂದು ಹನಿ ಹಾಕುತ್ತಾರೆ. ಆ ಕೈ ಯಾರದೆಂದು ತಲೆಯೆತ್ತುವಷ್ಟರಲ್ಲಿ ಎಚ್ಚರವಾಗುತ್ತದೆ.

ನೆರೇಯ್ದಾ


ಪುಂತಾ ಸೋರ್ದಾ, ೫ ಜುಲೈ ೨೦೦೬

ಅಕ್ಕಾ,

ನಿನ್ನಿಂದ ಒಂದು ಸಾಲೂ ಇಲ್ಲ. ಅಂಚೆಯವನು ನನ್ನ ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಾನೆ, ಅಷ್ಟು ಸಲ ಕೇಳಿದ್ದೇನೆ.

ಕೋಪವಿರಬೇಕು. ಗೊತ್ತು ನನಗೆ. ನೀನು ಹಡಗಿನ ಲಂಗರಿಗೆ ಸರಪಳಿ ಬಿಗಿದುಕೊಂಡ ದಿನ ನಾನು ದೋಣಿ ತಿರುಗಿಸಿದೆ. ಎಲ್ಲರೂ ನೋಡಿದರು. ಹವಳದ ತುಂಡುಗಳು ದೋಣಿಯಲ್ಲಿದ್ದವು ಅಕ್ಕಾ, ಬಿಸಿಲು ಏರುತ್ತಿತ್ತು. "ಹೋಗೋ" ಎಂದು ನೀನೇ ಕೂಗಿದೆ ಅಂದುಕೊಂಡೆ. ಈಗ ನೆನೆದರೆ ಅದು ನನ್ನೊಳಗಿನ ಹೆದರಿಕೆಯ ದನಿಯೋ ಏನೋ. ನೀನು ಒಳಗೆ, ನಾನು ಹೊರಗೆ. ಊರಿನಲ್ಲಿ ಯಾರೂ ಬಾಯಿಬಿಟ್ಟು ಅನ್ನುವುದಿಲ್ಲ, ಕಾಫಿ ಕೊಡುವಾಗ ಲೋಟವನ್ನು ಸ್ವಲ್ಪ ಜೋರಾಗಿ ಕುಕ್ಕುತ್ತಾರೆ.

ಕಾದು ಸಾಕಾಗಿ ದೊಡ್ಡ ಪೀಪಾಯಿಯನ್ನೇ, ಊಟದ ಪಂಪಿನ ಸಮೇತ, ಕಳಿಸಿ ಎಂದು ನ್ಯೂಯಾರ್ಕಿಗೆ ಹೇಳಿಬಿಟ್ಟೆ. ಪೆಟ್ಟಿಗೆ ಬಂದಿದೆ. ಪೀಪಾಯಿ ತುಂಬಲು ತೊಮಾಸಾ ಅಜ್ಜಿ ಒಂದು ಉಪಾಯ ಹೇಳಿದ್ದಾರೆ, ನಮ್ಮ ದೋಣಿಗಳನ್ನು ಕಾಯುವ ಕಾರ್ಮೆನ್ ಮಾತೆಯ ಹಬ್ಬಕ್ಕೆ. ಏನೆಂದು ಈಗ ಬರೆಯುವುದಿಲ್ಲ. ಹೊರಗೆ ಬಂದ ಮೇಲೆ ಕೇಳಿದರೆ ನಿನ್ನ ಕಣ್ಣು ತುಂಬುತ್ತದೆ.

ಬೈದಾದರೂ ಒಂದು ಸಾಲು ಬರೆ.

ಎಲಿಯೂತ್


ಹೆಂಗಸರ ಜೈಲು, ೧೪ ಜುಲೈ ೨೦೦೬

ಎಲಿಯೂತ್,

ನಾನು ಜೂನ್ ತಿಂಗಳಲ್ಲೇ ಬರೆದಿದ್ದೇನೆ, ನಾಲ್ಕು ಪುಟ. ಇವರು ಮೇಜಿನ ಮೇಲೆ ಕೊಳೆಯಲು ಬಿಟ್ಟಿದ್ದರು ಅಂತ ಕಾಣುತ್ತದೆ. ಇಷ್ಟು ಹೊತ್ತಿಗೆ ನಿನ್ನ ಕೈ ಸೇರಿರುತ್ತದೆ. ಅದರಲ್ಲಿರುವ ಹಾಗೆ ಮಾಡು, ಪೀಪಾಯಿ ವಾಪಸ್ ಕಳಿಸು.

ಒಂದೇ ಒಂದು ಪ್ರಶ್ನೆ, ಅದಕ್ಕೆ ನೇರ ಉತ್ತರ ಕೊಡು: ಹವಳ ಹೇಗಿವೆ? ನಾನು ಒಂದು ತೀರ್ಮಾನ ಮಾಡಬೇಕಿದೆ. ಅದು ಏನೆಂದು ಕೇಳಬೇಡ. ಅವು ಚೆನ್ನಾಗಿದ್ದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು. ಬೇಗ ಬರೆ.

ನೆರೇಯ್ದಾ


ಪುಂತಾ ಸೋರ್ದಾ, ೨೩ ಜುಲೈ ೨೦೦೬

ಅಕ್ಕಾ,

ಚೆನ್ನಾಗಿವೆ. ಚೆನ್ನಾಗಿವೆ ಅಕ್ಕಾ, ನೀನು ಅದೊಂದು ಚಿಂತೆ ಬಿಡು.

ನಿನ್ನ ಜೂನ್ ಪತ್ರ ಇನ್ನೂ ಬಂದಿಲ್ಲ. ಬರುತ್ತದೆ ಬಿಡು. ನೀನು ಮಾತು ಬಿಟ್ಟಿಲ್ಲ ಎಂದು ತಿಳಿಯಿತಲ್ಲ, ನನಗೆ ಅಷ್ಟೇ ಸಾಕಾಯಿತು. ಪೀಪಾಯಿ ಆಗಲೇ ತುಂಬಿಯಾಗಿತ್ತು, ವಾಪಸ್ ಹೇಗೆ ಕಳಿಸಲಿ?

ಹಬ್ಬದ ದಿನ ನೀನಿರಬೇಕಿತ್ತು. ಮಾತೆಯನ್ನು ಎಂದಿನ ಹಾಗೆ ದೋಣಿಯಲ್ಲಿ ಕೂರಿಸಿಕೊಂಡು ಹೊರಟೆವು, ಆದರೆ ಬಂದರಿನ ಕಡೆಗಲ್ಲ, ಒಡೆದ ದಿಬ್ಬದ ಕಡೆಗೆ. ದೋಣಿಗಳೆಲ್ಲಾ ಸುತ್ತ ನಿಂತವು. ಇಂಜಿನು ನಿಲ್ಲಿಸಿದೆವು. ಕೆಳಗೆ ಬೂದಿ ಬಣ್ಣ, ಮೇಲೆ ಹೂವು. ಅಲ್ಲಿಂದ ನೇರ ಶೆಡ್ಡಿಗೆ ಬಂದು ಪ್ರತಿ ಮನೆಯವರೂ ಒಂದೊಂದು ಕ್ಯಾನು ಎತ್ತಿ ಪೀಪಾಯಿಗೆ ಸುರಿದರು. ಇಡೀ ಊರು ಸಾಲಿನಲ್ಲಿ ನಿಂತಿತ್ತು. ನನ್ನ ಜೊತೆ ಮಾತು ಬಿಟ್ಟವರೂ ಹೆಗಲು ತಟ್ಟಿ ಹೋದರು. "ಮಕ್ಳು ತಾಯಿಮನೆ ಮರೀಬಾರ್ದು ಕಣೋ," ಎಂದರು ಅಜ್ಜಿ. ಆಮೇಲೆ ಪಂಪು ಟಿಕ್ ಟಿಕ್ ಎಂದು ಶುರುವಾಯಿತು. ಹೊರಗೆ ಕೋಕೀ ಕಪ್ಪೆಗಳು, ಒಳಗೆ ಪಂಪು, ಎರಡೂ ಒಂದೇ ತಾಳ.

ತೀರ್ಮಾನ ಏನೇ ಇರಲಿ, ಇಲ್ಲಿಯ ಚಿಂತೆಯಿಂದ ಮಾಡಬೇಡ.

ಎಲಿಯೂತ್


ಹೆಂಗಸರ ಜೈಲು, ೪ ಆಗಸ್ಟ್ ೨೦೦೬

ಎಲಿಯೂತ್,

ನಿನ್ನ ಪತ್ರ ಓದಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಅನ್ನ, ಬೀನ್ಸು, ಎಂದಿನ ಸಪ್ಪೆ ಊಟವೇ.

ಈಗ ಹೇಳಬಹುದು. ಇವರು ಒಂದು ಕಾಗದ ತಂದಿಟ್ಟಿದ್ದರು. ತಪ್ಪಾಯಿತು, ಹಡಗಿಗೆ ನಾನು ಮಾಡಿದ್ದು ಅಪರಾಧ, ಇನ್ನು ಮುಂದೆ ದನಿ ಎತ್ತುವುದಿಲ್ಲ, ಕೊಲ್ಲಿಗೆ ಇಳಿಯುವುದಿಲ್ಲ ಎಂದು ಅದರಲ್ಲಿತ್ತು. ಸಹಿ ಹಾಕಿದರೆ ಮಾರನೇ ದಿನ ಬಿಡುಗಡೆ. ಹಾಕದಿದ್ದರೆ ಫೆಬ್ರವರಿವರೆಗೆ ಇಲ್ಲೇ. ಆ ಕಾಗದಕ್ಕೆ ಉಗುಳಬೇಕು ಅನ್ನಿಸಿತು. ಆದರೆ ಹವಳ ಸಾಯುತ್ತಿದ್ದರೆ? ನಾನು ಅಲ್ಲಿದ್ದರೆ ಉಳಿಯುವ ಹಾಗಿದ್ದರೆ? ಆಗ ಸಹಿ ಹಾಕಿಬಿಡುತ್ತಿದ್ದೆ. ಪೆನ್ನು ಕೈಯಲ್ಲಿ ಹಿಡಿದೇ ನಿನ್ನ ಪತ್ರಕ್ಕೆ ಕಾದೆ.

ಚೆನ್ನಾಗಿವೆ ಎಂದು ಬರೆದೆ. ಕಾಗದವನ್ನು ನಾಲ್ಕು ಚೂರು ಮಾಡಿ ಮೇಜಿನ ಮೇಲಿಟ್ಟು ಬಂದೆ. ಚೂರು ಮಾಡುವಾಗ ಆದ ಸದ್ದು ಎಷ್ಟು ಚಂದವಿತ್ತು ಗೊತ್ತಾ.

ಇಡೀ ಊರು ಸಾಲಿನಲ್ಲಿ ನಿಂತು ಸಿಹಿನೀರು ಹೊತ್ತು ತಂದಿತು ಎಂದೆಯಲ್ಲ, ಅದು ಕನಸಿನಲ್ಲಿ ಬರುತ್ತಲೇ ಇದೆ. ಎಲ್ಲರೂ ನೀರಿನ ಮೇಲೆ ನಡೆದು ಬರುತ್ತಾರೆ, ಕೈಯಲ್ಲಿ ಕ್ಯಾನು. ಯಾರೂ ಮುಳುಗುವುದಿಲ್ಲ.

ನೆರೇಯ್ದಾ


ಪುಂತಾ ಸೋರ್ದಾ, ೧೯ ಆಗಸ್ಟ್ ೨೦೦೬

ಅಕ್ಕಾ,

ಅದು ಸಿಹಿನೀರಾಗಿರಲಿಲ್ಲ. ನಾನು ಹಾಗೆ ಬರೆದಿರಲೂ ಇಲ್ಲ. ಒಡೆದ ದಿಬ್ಬದ ಮೇಲೆ ನಿಂತು ಮೊಗೆದ ಸಮುದ್ರದ ನೀರು ಅದು. ಹವಳ ತನ್ನ ಮನೆ ಮರೆಯದಿರಲಿ ಎಂದು. ಅದಕ್ಕೂ ಮುಂಚೆ ಜೂನ್ ತಿಂಗಳಿಡೀ ನಾನು ಸುರಿದದ್ದೂ ಅದೇ. ಸಮುದ್ರದ ಮಕ್ಕಳಿಗೆ ಸಮುದ್ರದ ನೀರಲ್ಲದೆ ಇನ್ನೇನು ಕೊಡಬೇಕು ಎಂದು ಈ ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಿನ್ನ ಜೂನ್ ಪತ್ರ ನಾಲ್ಕು ದಿನದ ಹಿಂದೆ ಬಂತು. ಪತ್ರದ ತುಂಬ ಕರಿ ಪಟ್ಟಿ. ಪಂಪು, ಟೈಮರು, ಎರಡು ದ್ರಾವಣ ಎಂದಿದ್ದ ಕಡೆಯೆಲ್ಲಾ ಮಸಿ ಬಳಿದಿದ್ದಾರೆ, ಬಾಂಬು ಮಾಡುತ್ತೇವೆ ಅಂದುಕೊಂಡರೋ ಏನೋ. ಚಿಕ್ಕ ಡಬ್ಬ, ಎರಡು ಫ್ಲೋಟು ಎಂಬ ಮಾತು ಅಲ್ಲೊಂದು ಇಲ್ಲೊಂದು ಓದಲು ಸಿಗುತ್ತದೆ, ಸಿಹಿನೀರಿನ ಸಾಲು ಮಾತ್ರ ಪೂರ್ತಿ ಸ್ವಚ್ಛವಾಗಿ ಉಳಿದಿದೆ. ಅದನ್ನು ಓದಿ ಶೆಡ್ಡಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಚೆನ್ನಾಗಿವೆ ಎಂದು ಬರೆದ ದಿನವೇ ಎರಡು ಬಾಡಿದ್ದವು. ಹೊಸ ಯಂತ್ರ, ಒಗ್ಗಿಕೊಳ್ಳಲು ಹೊತ್ತು ಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಒಳಗೆ ಕುಳಿತು ಕೊರಗಬಾರದು ಎಂದು ಸುಳ್ಳು ಬರೆದೆ. ತೀರ್ಮಾನ ಅಂದರೆ ಉಪವಾಸ ಹೂಡುತ್ತೀಯ ಅಂದುಕೊಂಡೆ.

ಹೋದ ವಾರ ಫ್ಲೋಟಿಗೆ ಉಪ್ಪು ಕಟ್ಟಿ ಅಂಟಿಕೊಂಡಿತು. ಪೀಪಾಯಿಯೆಲ್ಲಾ ಸುರಿದು ತೊಟ್ಟಿ ಉಕ್ಕಿ ಶೆಡ್ಡಿನ ನೆಲ ಕೆರೆಯಾಯಿತು. ಮಧ್ಯಾಹ್ನದ ಬಿಸಿಲಿಗೆ ಆರಿದಾಗ ನೆಲವೆಲ್ಲಾ ಬಿಳಿ. ಬರಿಗಾಲಲ್ಲಿ ನಡೆದರೆ ಕರಕರ ಅನ್ನುತ್ತಿತ್ತು. ತೊಮಾಸಾ ಅಜ್ಜಿ ಬೆರಳಿನಲ್ಲಿ ಒತ್ತಿ ನಾಲಗೆಗೆ ಇಟ್ಟುಕೊಂಡರು. "ಇದು ಸಮುದ್ರ ಅಲ್ಲಪ್ಪ," ಎಂದರು, "ಇಷ್ಟು ಉಪ್ಪು ನಮ್ಮ ಸಮುದ್ರಕ್ಕಿಲ್ಲ." ಆದರೂ ಏನು ತಪ್ಪಾಯಿತೆಂದು ಹೇಳುವವರಿರಲಿಲ್ಲ. ಹಸಿವಿರಬೇಕೆಂದು ಊಟದ ಎರಡು ದ್ರಾವಣವನ್ನೂ ಒಟ್ಟಿಗೆ ಹಾಕಿದೆ. ತೊಟ್ಟಿ ಮಜ್ಜಿಗೆಯಾಯಿತು.

ಒಂಬತ್ತರಲ್ಲಿ ಆರು ಸತ್ತಿವೆ, ಅಕ್ಕಾ. ಮೂರರಲ್ಲಿ ಇನ್ನೂ ಕಂದು ಬಣ್ಣ ಇದೆ. ಪೀಪಾಯಿ ಬಂದರಿನವರಿಗೆ ಬಲೆ ತೊಳೆಯಲು ಕೊಟ್ಟೆ. ಚಿಕ್ಕ ಡಬ್ಬ, ಎರಡು ಫ್ಲೋಟು ಕಳಿಸಿ ಎಂದು ಬರೆದಿದ್ದೇನೆ. ಉಪ್ಪುನೀರು ಸ್ವಲ್ಪ ತೆಗೆದು, ಅಷ್ಟೇ ಸಿಹಿನೀರು, ದಿನಕ್ಕೆ ಒಂದು ಲೋಟದ ಲೆಕ್ಕದಲ್ಲಿ ಮೆಲ್ಲಗೆ ಹಾಕುತ್ತಿದ್ದೇನೆ. ಸರಿಯೋ ತಪ್ಪೋ ಗೊತ್ತಿಲ್ಲ.

ನೀನು ಹರಿದಂಥ ಕಾಗದ ಇನ್ನೊಂದು ಇದ್ದರೆ ಸಹಿ ಹಾಕಿ ಬಾ.

ಎಲಿಯೂತ್


ಹೆಂಗಸರ ಜೈಲು, ೨ ಸೆಪ್ಟೆಂಬರ್ ೨೦೦೬

ಎಲಿಯೂತ್,

ಮೊದಲು ಬರೆದ ಪತ್ರವನ್ನು ಹರಿದೆ. ಎರಡನೆಯದನ್ನೂ. ಅವುಗಳಲ್ಲಿದ್ದ ಬೈಗುಳ ಓದಿದ್ದರೆ ಅಧಿಕಾರಿಯ ಕಿವಿ ಕೆಂಪಾಗುತ್ತಿತ್ತು.

ಆರು ಸತ್ತವು. ಅವನ್ನು ಕೊಂದದ್ದು ತೊಮಾಸಾ ಅಜ್ಜಿಯ ಪ್ರೀತಿ ಎಂದು ಬರೆದುಕೊಳ್ಳುವವರಿಗೆ ನಾನು ಹೇಳುತ್ತೇನೆ, ಎರಡು ತಿಂಗಳು ಪತ್ರ ತಡೆದಿಟ್ಟ ಮೇಜು ಕೊಂದದ್ದು, ಅದಕ್ಕೂ ಮೊದಲು ಹಡಗು ಕೊಂದದ್ದು. ಹವಳ ತೊಟ್ಟಿಯಲ್ಲಿ ಬದುಕಬೇಕಾದ ಜೀವವೇ ಅಲ್ಲ. ಅಜ್ಜಿಗೆ ಇದನ್ನು ಓದಿ ಹೇಳು. ಈಗ ತಲೆ ಮೇಲೆ ಕೈಹೊತ್ತು ಕುಳಿತಿರುತ್ತಾರೆ, ಎಬ್ಬಿಸು.

ನಿನ್ನ ಸುಳ್ಳಿನ ವಿಷಯ. ಜುಲೈ ತಿಂಗಳಲ್ಲಿ ನಿಜ ಬರೆದಿದ್ದರೆ ನಾನು ಸಹಿ ಹಾಕುತ್ತಿದ್ದೆ. ಹೊರಗೆ ಬರುತ್ತಿದ್ದೆ, ಬಾಯಿ ಹೊಲಿದುಕೊಂಡು. ಒಂಬತ್ತೂ ಉಳಿಯುತ್ತಿದ್ದವೋ ಏನೋ. ಆದರೆ ಅವನ್ನು ನೆಡುವ ದಿನ ಕೊಲ್ಲಿಗೆ ಇಳಿಯಲು ನನಗೆ ಅಪ್ಪಣೆ ಇರುತ್ತಿರಲಿಲ್ಲ. ನಿನಗೆ ಥ್ಯಾಂಕ್ಸ್ ಹೇಳಬೇಕೋ ಕಪಾಳಕ್ಕೆ ಹೊಡೆಯಬೇಕೋ ಗೊತ್ತಾಗುತ್ತಿಲ್ಲ. ಎರಡೂ ಫೆಬ್ರವರಿಯಲ್ಲಿ. ಇನ್ನು ಮೇಲೆ ಮಾತ್ರ ಸುಳ್ಳು ಬೇಡ. ಕೆಟ್ಟದ್ದನ್ನೇ ಮೊದಲು ಬರೆ.

"ಹೋಗೋ" ಎಂದು ಕೂಗಿದ್ದು ನಾನೇ. ಗಂಟಲು ಹರಿಯುವ ಹಾಗೆ ಕೂಗಿದೆ. ಅಷ್ಟು ದಿನ ಆ ಅನುಮಾನ ಹೊತ್ತುಕೊಂಡು ತಿರುಗಿದೆಯಾ, ಕತ್ತೆ?

ಸಿಹಿನೀರು ಮೆಲ್ಲಗೆ ಹಾಕುತ್ತಿರುವುದು ಸರಿ. ಊಟದ ವಿಷಯ ಮಸಿ ಬಳಿಯದ ಹಾಗೆ ಹೇಳುತ್ತೇನೆ. ನಮ್ಮ ಇಬ್ಬರು ಚಿಕ್ಕಮ್ಮಂದಿರು ನೆನಪಿದ್ದಾರಲ್ಲ, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದವರು. ಒಂದೇ ಊಟಕ್ಕೆ ಇಬ್ಬರನ್ನೂ ಕರೆದರೆ ಏನಾಗುತ್ತಿತ್ತು? ಸುಣ್ಣದಂಥ ಬಿಳಿ ಫ್ರಾಕಿನ ಚಿಕ್ಕಮ್ಮನನ್ನು ಬೆಳಿಗ್ಗೆ ಕರೆ, ಮೇಜಿನ ಈ ತುದಿಗೆ ಕೂರಿಸು. ಇನ್ನೊಬ್ಬರನ್ನು ಸಂಜೆ, ಆ ತುದಿಗೆ. ಇಬ್ಬರಿಗೂ ಚಮಚದಲ್ಲಿ, ದಿನಾ ಅಷ್ಟಷ್ಟೇ. ಮುನಿಸಿಕೊಂಡರೂ ಜಾಸ್ತಿ ಬಡಿಸಬೇಡ.

ಅಧಿಕಾರಿಗಳೇ, ನಮ್ಮ ಚಿಕ್ಕಮ್ಮಂದಿರಿಗೆ ಮಸಿ ಬಳಿಯುತ್ತೀರೋ?

ನೆರೇಯ್ದಾ


ಪುಂತಾ ಸೋರ್ದಾ, ೧೦ ಡಿಸೆಂಬರ್ ೨೦೦೬

ಅಕ್ಕಾ,

ಕೆಟ್ಟದ್ದನ್ನೇ ಮೊದಲು ಬರೆ ಎಂದಿದ್ದೆ, ಬರೆಯುತ್ತೇನೆ. ಮೂರರಲ್ಲಿ ದೊಡ್ಡದರ ತುದಿ ಬೆಳ್ಳಗಾಗಿದೆ. ಸುಣ್ಣ ಹೊಡೆದ ಹಾಗೆ. ಹೋದ ತಿಂಗಳು ಅಂಚಿನಲ್ಲಿ ಒಂದು ಗೆರೆಯಷ್ಟಿತ್ತು, ಇವತ್ತು ಉಗುರಿನಷ್ಟಾಗಿದೆ. ಉಳಿದೆರಡರಲ್ಲೂ ಶುರುವಾಗಿದೆ. ಏನೂ ಮುಚ್ಚಿಟ್ಟಿಲ್ಲ.

ಎಲ್ಲಾ ನೀನು ಹೇಳಿದ ಹಾಗೆಯೇ ಮಾಡಿದ್ದೇನೆ. ಚಿಕ್ಕ ಡಬ್ಬ, ಎರಡು ಫ್ಲೋಟು. ಕೆಳಗಿನದು ಒಮ್ಮೆ ಅಂಟಿಕೊಂಡಿತು, ಮೇಲಿನದು ಕಾದುಕೊಂಡಿತು. ಚಿಕ್ಕಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ಉಂಡು ಹೋಗುತ್ತಾರೆ. ನವೆಂಬರಿನಲ್ಲಿ ಒಂದು ವಾರ ಕರೆಂಟಿರಲಿಲ್ಲ. ತೊಟ್ಟಿಯ ನೀರಿಗೆ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆವು, ಸರದಿಯ ಮೇಲೆ. ಅಂಗಡಿಯಿಂದ ಶೋಧಿಸಿದ ನೀರನ್ನು ಮನೆಗೊಂದು ಬಾಟಲಿ ತರುತ್ತಾರೆ. ತೊಮಾಸಾ ಅಜ್ಜಿ ಬಾಗಿಲಲ್ಲೇ ಕುರ್ಚಿ ಹಾಕಿದ್ದಾರೆ. ಪ್ರತಿ ಬಾಟಲಿಯಿಂದ ಒಂದು ಹನಿ ನಾಲಗೆಗೆ ಬಿಟ್ಟುಕೊಂಡು, "ಸಪ್ಪೆ, ಹೋಗು ಒಳಗೆ" ಎಂದ ಮೇಲೇ ಒಳಗೆ ಬಿಡುವುದು. ಪಾದ್ರಿಯ ಬಾಟಲಿಯನ್ನೂ ಬಿಟ್ಟಿಲ್ಲ.

ಇಷ್ಟೆಲ್ಲಾ ಮಾಡಿಯೂ ಬೆಳ್ಳಗಾಗುತ್ತಿದೆ. ಊರಿಗೆ ಇನ್ನೂ ಹೇಳಿಲ್ಲ. ತೊಟ್ಟಿಯ ಪಕ್ಕವೇ ಚಾಪೆ ಹಾಕಿ ಮಲಗುತ್ತೇನೆ. ಕಣ್ಣು ಮುಚ್ಚಿದರೆ ಎಲ್ಲವೂ ಬಿಳಿ, ನೆಲ, ದೋಣಿ, ನಿನ್ನ ಕೂದಲು. ಕ್ಷಮಿಸು ಎನ್ನಲೂ ನಾಚಿಕೆಯಾಗುತ್ತದೆ.

ಎಲಿಯೂತ್


ಹೆಂಗಸರ ಜೈಲು, ೨೧ ಡಿಸೆಂಬರ್ ೨೦೦೬

ಎಲಿಯೂತ್,

ಪತ್ರವನ್ನು ನಿಂತು ಓದು, ಕುಳಿತು ಓದಬೇಡ.

ಸಾಯುವ ಹವಳ ಬುಡದಿಂದ ಬಿಳಿಚಿಕೊಳ್ಳುತ್ತದೆ, ಇಲ್ಲವೇ ಮೈಯೆಲ್ಲಾ ಒಟ್ಟಿಗೆ. ಕಂದು ಮೈಯ ಮೇಲೆ ತುದಿಯೊಂದೇ ಬೆಳ್ಳಗಿದ್ದು ಮುಂದೆ ಮುಂದೆ ಸರಿಯುತ್ತಿದ್ದರೆ ಅದು ಬೆಳೆಯುತ್ತಿದೆ. ಆ ಬಿಳಿ ಹೊಸದಾಗಿ ಕಟ್ಟಿದ ಎಲುಬು, ಅದಕ್ಕೆ ಬಣ್ಣ ಹಚ್ಚಿಕೊಳ್ಳಲು ಇನ್ನೂ ಹೊತ್ತಾಗಿಲ್ಲ ಅಷ್ಟೇ. ದಿಬ್ಬದಲ್ಲಿ ಪ್ರತಿ ಕೊಂಬಿಗೂ ಆ ಬಿಳಿ ಅಂಚು ಇರುತ್ತಿತ್ತು. ಚಿಕ್ಕವನಿದ್ದಾಗ ಅದರ ಮೇಲೆ ತೇಲಿಕೊಂಡೇ ಈಜು ಕಲಿತವನು ನೀನು. ಹೆದರಿಕೆ ನಿನ್ನ ಕಣ್ಣನ್ನು ತಿಂದುಹಾಕಿದೆ, ತಮ್ಮಾ.

ನೀರು ತಂಪಾಗಿದೆ. ನನಗಾಗಿ ಕಾಯಬೇಡ. ಹಡಗು ಕೊರೆಯದೆ ಬಿಟ್ಟ ಮೂಡಣ ಬದಿಯಲ್ಲಿ ಜಾಗ ನೋಡು, ಊರನ್ನೆಲ್ಲಾ ಕರೆದುಕೊಂಡು ಹೋಗು, ಎರಡನ್ನು ನೆಡು. ಮೂರನೆಯದನ್ನು ತೊಟ್ಟಿಯಲ್ಲೇ ಉಳಿಸು, ಹಡಗಿನವರು ಮತ್ತೆ ಒಡೆಯಲು ಬಂದರೆ ನಮ್ಮ ಹತ್ತಿರ ಬೀಜ ಇರಲಿ.

ಬಿಡುಗಡೆಯ ದಿನ ಇವರು ನನ್ನ ಸಾಮಾನಿನ ಚೀಲ ವಾಪಸ್ ಕೊಡುತ್ತಾರೆ. ಉಪ್ಪು ಅಳೆಯುವ ಗಾಜು ಅದರಲ್ಲಿದೆ. ಅಲ್ಲಿಯವರೆಗೆ ಅಜ್ಜಿಯ ನಾಲಗೆ ಸಾಕು. ಬಾಗಿಲು ಬಿಟ್ಟು ಏಳಬೇಡಿ ಎಂದು ನಾನು ಹೇಳಿದೆ ಎನ್ನು.

ನೆರೇಯ್ದಾ